ಸಹಾಯ ಬೇಕು: ಅಮೆರಿಕನ್ ಐಡೆಂಟಿಟಿಗೆ ಯಾವ ಹಳೇ ಪುಸ್ತಕ ಓದ್ಲಿ?

ಎಲ್ರಿಗೂ ನಮಸ್ಕಾರ, ಎಂಎ ಇಂಗ್ಲಿಷ್ ಸೆಮಿನಾರ್‌ಗೆ ಬರೀತಿದೀನಿ, ಸ್ವಲ್ಪ ದಾರಿ ತೋರಿಸಿ. 1925ರ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ ಕಾದಂಬರೀಲಿ ನಾರ್ತ್ ಡಕೋಟಾದ ಬಡ ರೈತರ ಮಗ ಜೇಮ್ಸ್ ಗ್ಯಾಟ್ಜ್ 17ನೇ ವಯಸ್ಸಲ್ಲೇ ಹೆಸರು ಬದಲಾಯಿಸ್ಕೊಂಡು ಹೊಸ ಮನುಷ್ಯ ಆಗಕ್ಕೆ ಹೊರಡ್ತಾನೆ, ಅಮೆರಿಕನ್ ಡ್ರೀಮ್ (ಯಾರು ಬೇಕಾದ್ರೂ ಕಷ್ಟಪಟ್ಟು ಮೇಲೆ ಬರಬಹುದು ಅನ್ನೋ ಕನಸು) ಅಂದ್ರೆ ಎಲ್ರೂ ಇದನ್ನೇ ತೋರಿಸ್ತಾರೆ. ಆದ್ರೆ ಫ್ರೆಡರಿಕ್ ಡಗ್ಲಸ್ ಅವರ 1845ರ ಆತ್ಮಕಥೆ ಓದಿ, ಅವ್ರೂ ಹೆಸರು ಬದಲಾಯಿಸ್ಕೊಂಡಿದ್ರು, ಗುಲಾಮಗಿರಿಯಿಂದ ಓಡಿಬಂದವ್ರು ಮತ್ತೆ ಸಿಕ್ಕಿಬೀಳ್ಬಾರ್ದು ಅಂತ! ಒಬ್ಬನಿಗೆ ಆಸೆ, ಇನ್ನೊಬ್ರಿಗೆ ಜೀವದ ಪ್ರಶ್ನೆ, ಎರಡನ್ನೂ ಒಂದೇ ಕನಸು ಅನ್ನೋದು ನಂಗೆ ಖಂಡಿತ ಸರಿ ಅನ್ಸಲ್ಲ.

ಇವುಗಳ ಜೊತೆಗೆ ವಲಸೆ ಹೆಣ್ಮಕ್ಕಳ ಕಡೆಯಿಂದ ನೋಡಕ್ಕೆ ನೆಬ್ರಾಸ್ಕಾದ ಕಥೆ ಇರೋ ‘ಮೈ ಆಂಟೋನಿಯಾ’ ಕಾದಂಬರಿ ತಗೊಳ್ಲಾ? ಅಮೆರಿಕದ ಮೂಲನಿವಾಸಿಗಳೇ ಬರೆದಿರೋ ಹಳೇ ಪುಸ್ತಕ ಯಾರಾದ್ರೂ ಓದಿದ್ರೆ ದಯವಿಟ್ಟು ಹೆಸರು ಹೇಳಿ, ಕನ್ನಡದಲ್ಲಿ ಇದರ ಬಗ್ಗೆ ಲೇಖನ ಇದ್ರೂ ಪರ್ವಾಗಿಲ್ಲ.