ಆಡಿಷನ್‌ಗೆ ಪ್ರಯತ್ನಿಸುವವರಿಗೆ ವೃತ್ತಿಪರ ಹೆಡ್‌ಶಾಟ್ ಅಗತ್ಯವೇ?

ಪ್ರಶ್ನೆ: ರಂಗಾಸಕ್ತ, ಹಾಸನ

ಎಲ್ಲರಿಗೂ ನಮಸ್ಕಾರ. ಹಾಸನದ ಹವ್ಯಾಸಿ ರಂಗತಂಡವೊಂದರಲ್ಲಿ ಕೆಲವು ವರ್ಷಗಳಿಂದ ಅಭಿನಯಿಸುತ್ತಿರುವ ನಾನು, ಈಗ ಧಾರಾವಾಹಿ ಹಾಗೂ ಸಿನಿಮಾಗಳ ಆಡಿಷನ್‌ಗೆ ಪ್ರಯತ್ನಿಸಬೇಕೆಂದು ನಿರ್ಧರಿಸಿದ್ದೇನೆ. ವಿಚಾರಿಸಿದಲ್ಲೆಲ್ಲ ಮೊದಲು ಕೇಳುವುದು ಹೆಡ್‌ಶಾಟ್, ಅಂದರೆ ಮುಖ ಸ್ಪಷ್ಟವಾಗಿ ಕಾಣುವ ಹತ್ತಿರದ ಫೋಟೊಗಳನ್ನೇ. ನನ್ನ ಬಳಿ ಇರುವುದು ಹಾಸನಾಂಬ ಕಲಾಕ್ಷೇತ್ರದಲ್ಲಿ ನಾಟಕ ನಡೆಯುವಾಗ ತೆಗೆದ ಚಿತ್ರಗಳು, ಮದುವೆಮನೆಗಳಲ್ಲಿ ತೆಗೆಸಿಕೊಂಡ ಕೆಲವು ಚಿತ್ರಗಳು ಮತ್ತು ಮೊಬೈಲ್ ಸೆಲ್ಫಿಗಳು ಮಾತ್ರ. ಹಲವು ಬಗೆಯ ಉಡುಪುಗಳಲ್ಲಿ ಪೋರ್ಟ್‌ಫೋಲಿಯೊ (ಚಿತ್ರಗಳ ಸಂಗ್ರಹ) ಮಾಡಿಕೊಡುವುದಾಗಿ ಬೆಂಗಳೂರಿನ ಒಬ್ಬರು ಹೇಳಿದ್ದಾರೆ. ಅವರು ಕೇಳುತ್ತಿರುವ ಮೊತ್ತ ನನ್ನ ತಿಂಗಳ ಸಂಬಳಕ್ಕಿಂತ ಹೆಚ್ಚು. ನಟನನ್ನು ಆರಿಸುವುದು ಅಭಿನಯ ನೋಡಿ ಅಲ್ಲವೇ? ಒಂದು ಚಿತ್ರಕ್ಕೆ ಇಷ್ಟು ಪ್ರಾಮುಖ್ಯ ಏಕೆ? ಊರಿನಲ್ಲೇ ತೆಗೆಸಿದರೆ ಸಾಲದೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಕಾಸ್ಟಿಂಗ್ (ಪಾತ್ರಗಳಿಗೆ ನಟರನ್ನು ಆರಿಸುವ) ತಂಡದಲ್ಲಿದ್ದವರು, ಅರಸೀಕೆರೆ

ಆರಿಸುವುದು ಅಭಿನಯ ನೋಡಿಯೇ. ಆದರೆ ಯಾರ ಅಭಿನಯ ನೋಡಬೇಕು ಎಂಬುದು ಫೋಟೊ ನೋಡಿ ತೀರ್ಮಾನವಾಗುತ್ತದೆ. ಒಂದು ಸಣ್ಣ ಪಾತ್ರಕ್ಕೂ ರಾಶಿ ರಾಶಿ ಪ್ರೊಫೈಲ್‌ಗಳು ಬಂದು ಬೀಳುತ್ತವೆ. ಅವನ್ನು ನೋಡುವವರು ಮೊಬೈಲ್ ಪರದೆಯಲ್ಲಿ ಹೆಬ್ಬೆರಳ ಗಾತ್ರದ ಚಿತ್ರಗಳನ್ನು ಸರಸರನೆ ಸರಿಸುತ್ತಾ ಹೋಗುವುದರಿಂದ, ಕಣ್ಣು ಕಾಣದ ಮುಖ, ಗುಂಪಿನಿಂದ ಕತ್ತರಿಸಿದ ಮುಖ, ತಂಪು ಕನ್ನಡಕದ ಮುಖ ಅಲ್ಲಿಯೇ ಉಳಿದುಬಿಡುತ್ತವೆ. ನಿಮ್ಮ ರಂಗಚಿತ್ರಗಳು ಅನುಭವಕ್ಕೆ ಸಾಕ್ಷಿಯಾಗಿ ಜೊತೆಗಿರಲಿ, ಆದರೆ ಹೆಡ್‌ಶಾಟ್‌ನ ಜಾಗಕ್ಕೆ ಅವು ಬರಲಾರವು. ನೆತ್ತಿಯ ಮೇಲಿಂದ ಬೀಳುವ ವೇದಿಕೆಯ ಬೆಳಕಿನಲ್ಲಿ ಕಣ್ಣಿನ ಗುಳಿಗಳು ಕಪ್ಪಾಗುತ್ತವೆ, ಬಣ್ಣ ಹಚ್ಚಿದ ಮುಖದಲ್ಲಿ ನಿಜವಾದ ಚರ್ಮವಾಗಲಿ ವಯಸ್ಸಾಗಲಿ ತಿಳಿಯುವುದಿಲ್ಲ.

ಅದಕ್ಕಿಂತ ದೊಡ್ಡ ತೊಂದರೆ ತಿದ್ದಿದ ಚಿತ್ರಗಳದ್ದು. ಒಬ್ಬ ಯುವತಿಯ ಎಡ ಹುಬ್ಬನ್ನು ಎರಡಾಗಿ ಸೀಳಿದಂತಿದ್ದ ಹಳೆಯ ಗಾಯದ ಗುರುತನ್ನು ಸ್ಟುಡಿಯೊದವರು ಪೂರ್ತಿ ಅಳಿಸಿ, ಮೈಬಣ್ಣವನ್ನೂ ಬೆಳ್ಳಗೆ ಮಾಡಿಕೊಟ್ಟಿದ್ದರು. ಆಕೆ ಆಡಿಷನ್‌ಗೆ ಬಂದಾಗ ಲ್ಯಾಪ್‌ಟಾಪ್‌ನಲ್ಲಿದ್ದ ಚಿತ್ರವನ್ನೂ ಎದುರಿಗಿದ್ದ ಮುಖವನ್ನೂ ಹೋಲಿಸಿ ನೋಡುವುದರಲ್ಲೇ ಮೊದಲ ನಿಮಿಷಗಳು ಕಳೆದುಹೋದವು. ಅಂದು ಅರಸುತ್ತಿದ್ದುದು ಒರಟು ಸ್ವಭಾವದ ಹಳ್ಳಿ ಹೆಣ್ಣುಮಗಳ ಪಾತ್ರಕ್ಕೆ; ಆ ಹುಬ್ಬು ಹಾಗೆಯೇ ಇದ್ದಿದ್ದರೆ ಆಕೆಯ ಹೆಸರು ಪಟ್ಟಿಯಲ್ಲಿ ಇನ್ನೂ ಮೇಲಿರುತ್ತಿತ್ತು ಎಂದು ನಾನು ಇಂದಿಗೂ ನಂಬಿದ್ದೇನೆ. ಮೊಡವೆ ತಾತ್ಕಾಲಿಕ, ಅದನ್ನು ತೆಗೆಯಬಹುದು. ಮಚ್ಚೆ, ಗಾಯದ ಗುರುತು, ಸುಕ್ಕು, ನರೆ ಇವು ನಿಮ್ಮವೇ, ಇರಲಿ.

ಅಮೆರಿಕದಲ್ಲಿ 8×10 ಇಂಚಿನ ಮುದ್ರಿತ ಚಿತ್ರದ ಹಿಂಬದಿಗೆ ನಟನ ಅನುಭವದ ವಿವರ ಅಂಟಿಸಿ ಕೊಡುವ ಪದ್ಧತಿ ಬಹುಕಾಲ ಇತ್ತು. ನಮ್ಮಲ್ಲಿ ಈಗ ಬಹುಪಾಲು ವ್ಯವಹಾರ ವಾಟ್ಸ್ಆ್ಯಪ್ ಮತ್ತು ಇಮೇಲ್‌ನಲ್ಲಿ ನಡೆಯುತ್ತದೆ. ನೇರ ಮುಖದ ಒಂದು, ಎರಡೂ ಪಕ್ಕಗಳಿಂದ ಒಂದೊಂದು, ಪೂರ್ಣ ದೇಹದ ಒಂದು, ಜೊತೆಗೆ ಸಹಜವಾಗಿ ನಗುತ್ತಿರುವ ಒಂದು ಚಿತ್ರವಿದ್ದರೆ ಆರಂಭಕ್ಕೆ ಸಾಕು. ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿಯೇ ಕಳುಹಿಸಿ. ಫೋಟೊ ಎಂದು ಕಳುಹಿಸಿದರೆ ಅದು ಚಿತ್ರವನ್ನು ಕುಗ್ಗಿಸಿ ಸ್ಪಷ್ಟತೆ ಕಳೆಯುತ್ತದೆ. ಪೋರ್ಟ್‌ಫೋಲಿಯೊ ಮಾಡಿಸಿದರೆ ಪಾತ್ರ ಖಚಿತ ಎಂದು ಯಾರಾದರೂ ಹೇಳಿದರೆ ಅವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಉತ್ತರ 2: ಛಾಯಾಗ್ರಾಹಕ, ಸಕಲೇಶಪುರ

ಊರಿನಲ್ಲೇ ತೆಗೆಸಬಹುದು, ಖಂಡಿತ. ಹಾಸನದಲ್ಲಿ ಮದುವೆ ಚಿತ್ರೀಕರಣ ಮಾಡುವ ಅನೇಕರ ಬಳಿ ಮುಖಚಿತ್ರಕ್ಕೆ ಒಪ್ಪುವ ಉದ್ದನೆಯ 85 ಎಂಎಂ ಲೆನ್ಸ್ ಇದ್ದೇ ಇರುತ್ತದೆ. ಸೆಲ್ಫಿ ಏಕೆ ಬೇಡವೆಂದರೆ, ಕೈಯಳತೆಯಷ್ಟು ಹತ್ತಿರದಿಂದ ತೆಗೆದಾಗ ಕ್ಯಾಮೆರಾಕ್ಕೆ ಸಮೀಪವಿರುವ ಮೂಗು ಉಬ್ಬಿ, ಕಿವಿಗಳು ಹಿಂದಕ್ಕೆ ಸರಿದಂತೆ ಕಾಣುತ್ತವೆ. ಐದಾರು ಅಡಿ ದೂರ ನಿಂತು ಉದ್ದನೆಯ ಲೆನ್ಸ್‌ನಲ್ಲಿ ತೆಗೆದರೆ ಮುಖದ ಅಳತೆಗಳು ಎದುರಿಗೆ ಕುಳಿತವರಿಗೆ ಕಾಣುವಂತೆಯೇ ಬರುತ್ತವೆ.

ಸ್ಟುಡಿಯೊ ದೀಪವೂ ಕಡ್ಡಾಯವಲ್ಲ. ನಮ್ಮ ಕಡೆಯ ಹೆಂಚಿನ ಮನೆಗಳ ಜಗಲಿಯಲ್ಲಿ, ಬಿಸಿಲು ನೇರವಾಗಿ ಬೀಳದ ಹೊತ್ತಿನಲ್ಲಿ, ಅಂಚಿನಿಂದ ಎರಡು ಅಡಿ ಒಳಗೆ ನಿಲ್ಲಿಸಿ ನೆರಳಿನ ಬದಿಗೆ ಒಂದು ಬಿಳಿ ಪಂಚೆ ಕಟ್ಟಿದರೆ ಬರುವ ಮೃದುವಾದ ಬೆಳಕು, ಕಣ್ಣಿನಲ್ಲಿ ಮೂಡುವ ಆ ಹೊಳಪಿನ ಚುಕ್ಕಿ, ನನಗೆ ಸ್ಟುಡಿಯೊಗಿಂತ ಇಷ್ಟ. ಮಳೆಗಾಲದ ಮೋಡದ ಬೆಳಕೂ ಹೀಗೆಯೇ ಉಪಕಾರಿ. ಕಾಫಿ ತೋಟದ ನಡುವೆ ಮಾತ್ರ ಬೇಡ: ಎಲೆಗಳಿಂದ ಪ್ರತಿಫಲಿಸುವ ಹಸಿರು ಛಾಯೆ ಗಲ್ಲಕ್ಕೂ ಕತ್ತಿಗೂ ಹತ್ತುತ್ತದೆ. ಬಟ್ಟೆ ಒಂದೇ ಬಣ್ಣದ್ದಿರಲಿ. ಒತ್ತೊತ್ತಾದ ಸಣ್ಣ ಗೆರೆಗಳ ಅಂಗಿ ಡಿಜಿಟಲ್ ಚಿತ್ರದಲ್ಲಿ ಅಲೆಅಲೆಯಾಗಿ ಕಾಣುತ್ತದೆ. ಚರ್ಮ ನುಣುಪು ಮಾಡಬೇಡಿ, ಬೆಳ್ಳಗೆ ಮಾಡಬೇಡಿ ಎಂದು ಮುಂಚೆಯೇ ಸ್ಪಷ್ಟವಾಗಿ ಹೇಳಿ, ಏಕೆಂದರೆ ಮದುವೆ ಆಲ್ಬಮ್‌ಗಳಿಗೆ ಅದನ್ನೇ ಕೇಳಿಕೊಂಡು ಬರುವವರು ಹೆಚ್ಚು.

ಉತ್ತರ 3: ಧಾರಾವಾಹಿ ಕಲಾವಿದೆ, ಚಿಕ್ಕಮಗಳೂರು

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಲೆನ್ಸ್ ಮತ್ತು ಬೆಳಕು ಅರ್ಧ ಕೆಲಸ ಮಾತ್ರ. ರಂಗಭೂಮಿಯಿಂದ ಬಂದ ನಮ್ಮಂಥವರು ಕೊನೆಯ ಸಾಲಿನ ಪ್ರೇಕ್ಷಕರಿಗೂ ಕಾಣಲೆಂದು ಭಾವವನ್ನು ಹಿಗ್ಗಿಸಿ ಅಭ್ಯಾಸವಾಗಿರುತ್ತೇವೆ. ಹತ್ತಿರದ ಚಿತ್ರದಲ್ಲಿ ಅದೇ ಅತಿಯಾಗುತ್ತದೆ. ಮುಖ ಸಡಿಲಗೊಳ್ಳುವವರೆಗೆ ಮಾತನಾಡಿಸುತ್ತಾ, ಅವಸರ ಮಾಡದೆ ಕಾಯುವ ಛಾಯಾಗ್ರಾಹಕರಿಗೆ ಕೊಡುವ ಹಣ ವ್ಯರ್ಥವಲ್ಲ. ನಾನು ಚಿತ್ರ ತೆಗೆಸುವಾಗ ಪಾತ್ರವೊಂದರ ಸಾಲನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ತುಟಿ ಕದಲದಿದ್ದರೂ ಕಣ್ಣಿಗೆ ಜೀವ ಬರುತ್ತದೆ. ಪೊಲೀಸ್, ವೈದ್ಯ, ರೈತ ಎಂದು ವೇಷ ಹಾಕಿಸಿ ತೆಗೆಯುವ ದುಬಾರಿ ಪೋರ್ಟ್‌ಫೋಲಿಯೊ ಮೊದಲ ಹಂತದಲ್ಲಿ ನಿಮಗೆ ಬೇಕಿಲ್ಲ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಾಸನದಲ್ಲೇ ತೆಗೆಸುತ್ತೇನೆ. ಮುಂಬರುವ ನಾಟಕಕ್ಕಾಗಿ ಗಡ್ಡ ಬಿಟ್ಟಿದ್ದೇನೆ. ಬೋಳಿಸಿದ ಮೇಲೆಯೇ ತೆಗೆಸಬೇಕೇ?

ಉತ್ತರ: ಕಾಸ್ಟಿಂಗ್ ತಂಡದಲ್ಲಿದ್ದವರು, ಅರಸೀಕೆರೆ

ಈಗಲೇ ಗಡ್ಡದೊಂದಿಗೆ ತೆಗೆಸಿ, ನಾಟಕ ಮುಗಿದು ಗಡ್ಡ ತೆಗೆದ ಮೇಲೆ ಇನ್ನೊಮ್ಮೆ ತೆಗೆಸಿ ಎರಡನ್ನೂ ಇಟ್ಟುಕೊಳ್ಳಿ. ಫೈಲಿನ ಹೆಸರಿನಲ್ಲಿ ನಿಮ್ಮ ಹೆಸರು, ಎತ್ತರ, ಚಿತ್ರ ತೆಗೆದ ತಿಂಗಳು ಇರಲಿ. ಕಳುಹಿಸುವ ದಿನ ನಿಮ್ಮ ಮುಖ ಹೇಗಿದೆಯೋ ಆ ಚಿತ್ರವನ್ನು ಮೊದಲು ಇಡಿ.