ಎರಡು ಕಡ್ಡಿ, ಒಂದು ಪ್ಲೇಟ್ ಮಿರ್ಚಿ

ದಾವಣಗೆರೆಯ ಏಪ್ರಿಲ್ ಬಿಸಿಲು ನಿಮಗೆ ಗೊತ್ತೇ ಇದೆ. ಅಂಥ ಒಂದು ಸಂಜೆ ನಮ್ಮ ಮೇಷ್ಟ್ರು ಉಲ್ಲನ್ ಉಂಡೆ, ಎರಡು ಕಡ್ಡಿ ಹಿಡಿದುಕೊಂಡು ಮಂಡಕ್ಕಿ ಅಂಗಡಿಯ ಬೆಂಚಿಗೆ ಬಂದು ಕೂತರು. ರಿಟೈರ್ ಆಗಿ ಮೂರು ತಿಂಗಳಾಗಿತ್ತು ಅಷ್ಟೇ.

"ಮೇಷ್ಟ್ರೇ, ಈ ಸೆಕೆಗೆ ಬನಿಯನ್ನೇ ಜಾಸ್ತಿ ಆಗೈತಿ. ಸ್ವೆಟರ್ ಯಾರಿಗೆ?" ಎಂದ ಮಂಜಣ್ಣ.

"ಯಾರಿಗಾದ್ರೂ ಆಗುತ್ತೆ ಬಿಡಪ್ಪ. ಹೆಣಿಗೆಯಲ್ಲಿ ಕುಣಿಕೆ ಎರಡೇ ಥರ, ಸೀದಾ ಒಂದು, ಉಲ್ಟಾ ಒಂದು. ಉಳಿದಿದ್ದೆಲ್ಲ ಇವೆರಡರ ಆಟ."

"ಹೆಂಗಸರ ಕೆಲಸ ಅಲ್ವಾ ಇದು?"

ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. "ಪೆರು ದೇಶದ ಟಕೀಲೆ ದ್ವೀಪದಲ್ಲಿ ಟೋಪಿ ಹೆಣೆಯೋರು ಗಂಡಸರು ಕಣೋ. 2005ರಲ್ಲಿ ಯುನೆಸ್ಕೋದವರೇ ಆ ಕಲೆಗೆ ಮರ್ಯಾದೆ ಕೊಟ್ಟರು. ಪೆರು ಹಾಳಾಗ್ಲಿ, ಚಳ್ಳಕೆರೆ ಕಡೆ ಕಂಬಳಿ ಮಗ್ಗದ ಮುಂದೆ ಕೂರೋರು ಯಾರು? ನಿಮ್ಮಪ್ಪ ಹತ್ತಿ ಮಿಲ್ಲಲ್ಲಿ ನೂಲು ತೆಗೆದೇ ಅಲ್ವಾ ನಿನ್ನ ಸಾಕಿದ್ದು?"

ಮಿಲ್ಲಿನ ಮಾತು ಬಂದರೆ ಮಂಜಣ್ಣ ಮೆತ್ತಗಾಗುತ್ತಾನೆ. ಸುಮ್ನೆ ಮಿರ್ಚಿ ಕಚ್ಚಿದ.

"ಲಾಭ ಏನು ಹೇಳಿ" ಎಂದೆ ನಾನು.

"2013ರಲ್ಲಿ ಬ್ರಿಟನ್ನಿನ ಒಂದು ಪತ್ರಿಕೆಯಲ್ಲಿ ಸಮೀಕ್ಷೆ ಬಂದಿತ್ತು. ಹೆಣೆಯೋ 3,545 ಜನರನ್ನ ಕೇಳಿದ್ರು. ಜಾಸ್ತಿ ಹೆಣೆಯೋರು ಜಾಸ್ತಿ ನೆಮ್ಮದಿಯಾಗಿದ್ದೀವಿ ಅಂದ್ರು."

ಮಂಜಣ್ಣನಿಗೆ ಜೀವ ಬಂತು. "ಹೆಣೆಯೋರನ್ನೇ ಕೇಳಿದ್ರೆ ಇನ್ನೇನಂತಾರೆ? ಮಿರ್ಚಿ ತಿನ್ನೋ ನನ್ನ ಕೇಳಿ, ಎಣ್ಣೆ ಹೊಟ್ಟೆಗೆ ಒಳ್ಳೇದು ಅಂತೀನಿ."

ಮಾತು ನ್ಯಾಯವಾಗೇ ಇತ್ತು. ಆದರೆ ನಾನು ಕಣ್ಣಾರೆ ಕಂಡಿದ್ದೂ ಇದೆ. ದಿನಕ್ಕೆ ನಾಲ್ಕು ಮಿರ್ಚಿ ಹೊಡೆಯುತ್ತಿದ್ದ ಮೇಷ್ಟ್ರು ಈಗ ಒಂದಕ್ಕೆ ಬಂದಿದ್ದಾರೆ. ಎಣ್ಣೆ ಕೈ ಉಲ್ಲನ್ನಿಗೆ ತಾಗಬಾರದಲ್ಲ! ಎರಡೂ ಕೈಗೆ ಕೆಲಸ ಇರೋದರಿಂದ ಫೋನೂ ಚೀಲದಲ್ಲೇ ನಿದ್ದೆ ಮಾಡುತ್ತದೆ.

ಮಂಜಣ್ಣ ಚೀಲದಲ್ಲಿದ್ದ ಬೇರೆ ಕಡ್ಡಿಗಳನ್ನು ಎತ್ತಿ ನೋಡಿದ. "ಇದೇನಿದು, ಹನ್ನೆರಡನೇ ನಂಬರು ಹತ್ತಕ್ಕಿಂತ ಸಣ್ಣಗೈತಿ?"

"ನಂಬರ್ ಏರಿದಷ್ಟೂ ಕಡ್ಡಿ ಸಣ್ಣ."

"ಓ, ನಿಮ್ಮ ಹುಡುಗ್ರ ಮಾರ್ಕ್ಸು, ಬುದ್ಧಿ ಇದ್ದಂಗೆ."

ಅಷ್ಟರಲ್ಲಿ ಮೇಷ್ಟ್ರು "ಅಯ್ಯೋ" ಎಂದರು. ಇಪ್ಪತ್ತು ಸಾಲು ಕೆಳಗೆ ಒಂದು ಕುಣಿಕೆ ಜಾರಿ, ಏಣಿಯ ಹಾಗೆ ಸಂದಿ ಬಿಟ್ಟಿತ್ತು. ಕಡ್ಡಿ ಹಿರಿದು, ದಾರದ ತುದಿ ಹಿಡಿದು ಸರ್ರನೆ ಎಳೆದರು. ಎರಡು ದಿನದ ಕೆಲಸ ಎರಡು ನಿಮಿಷದಲ್ಲಿ ಗುಂಗುರು ಕೂದಲಿನಂತೆ ಮಡಿಲಲ್ಲಿ ಬಿತ್ತು. ನನಗೇ ಹೊಟ್ಟೆ ಉರಿಯಿತು.

"ಉಲ್ಲನ್ ಎಲ್ಲೂ ಹೋಗಲಿಲ್ಲವಲ್ಲ" ಎಂದರು ಮೇಷ್ಟ್ರು. "ಮಂಜಣ್ಣ, ನೀನು ತಗೊಂಡಿರೋ ಆ ಸೈಟನ್ನ ಹಿಂಗೆ ಬಿಚ್ಚೋಕೆ ಬರುತ್ತಾ?"

ಮಂಜಣ್ಣ ಉತ್ತರ ಕೊಡಲಿಲ್ಲ. ಕೋರ್ಟಿನ ಮುಂದಿನ ತಾರೀಖು ನೆನಪಾಗಿರಬೇಕು.

"ಕೈ ಒರೆಸಿಕೊಂಡು ಮುಂದೆ ಚಾಚು" ಎಂದರು. ಅವನು ಚಾಚಿದ. ಮೇಷ್ಟ್ರು ಅವನ ಎರಡೂ ಕೈಗೆ ದಾರ ಸುತ್ತಿ ಲಡಿ ಮಾಡತೊಡಗಿದರು. ಕಾಲು ಗಂಟೆಯಾದರೂ ಮಂಜಣ್ಣ ಅಲುಗಲಿಲ್ಲ. ಮುಖದಲ್ಲಿ ಒಂಥರಾ ಶಾಂತಿ.

"ಲೇ, ನನ್ನ ಪ್ಲೇಟಲ್ಲಿ ಇನ್ನೂ ಎರಡು ಮಿರ್ಚಿ ಇದ್ವಲ್ಲ?" ಎಂದ ಕೊನೆಗೆ.

ನಾನು ಬಾಯಿ ತುಂಬ ಇದ್ದಿದ್ದರಿಂದ ಮಾತಾಡಲಿಲ್ಲ.