ಮಾಯಾಬಂದರಿನಿಂದ ಹ್ಯಾವ್‌ಲಾಕ್‌ಗೆ ರಾತ್ರಿ ಹಾಯಿಪಯಣ: ಎಷ್ಟು ಹೊತ್ತಿಗೆ ಹೊರಡಬೇಕು?

ಕಾಫಿಗಿಡ (ಸೋಮವಾರಪೇಟೆ):
ಅರೇಬಿಕಾ ಕೊಯ್ಲು ಮುಗಿಯಿತು, ರೋಬಸ್ಟಾಕ್ಕೆ ಇನ್ನೂ ಎರಡು ವಾರ ಇದೆ. ಈ ಸಂದಿಯಲ್ಲಿ ಅಂಡಮಾನ್‌ಗೆ ಹೋಗಿ ಗೆಳೆಯನ 34 ಅಡಿ ಹಾಯಿದೋಣಿ ಹತ್ತುತ್ತಿದ್ದೇನೆ. ಉತ್ತರದ ಮಾಯಾಬಂದರಿನಿಂದ ದಕ್ಷಿಣಕ್ಕೆ ಹ್ಯಾವ್‌ಲಾಕ್ (ಈಗಿನ ಸ್ವರಾಜ್) ದ್ವೀಪಕ್ಕೆ, ಪೂರ್ವ ಕರಾವಳಿ ಹಿಡಿದು ಸುಮಾರು 55 ನಾಟಿಕಲ್ ಮೈಲಿ (ಸಮುದ್ರ ಮೈಲಿ), ಒಂದೇ ರಾತ್ರಿ. ನಾನು ಹಗಲಲ್ಲಿ ಮಾತ್ರ ನಾಲ್ಕೈದು ಸಲ ಹಾಯಿ ಹಿಡಿದವನು. ಸಂಜೆ 5ಕ್ಕೆ ಹೊರಟು 5 ನಾಟ್‌ನಲ್ಲಿ (ಗಂಟೆಗೆ 5 ನಾಟಿಕಲ್ ಮೈಲಿ) ಹೋದರೆ ಬೆಳಗಿನ ಜಾವ 4ಕ್ಕೆ ಲಂಗರು ಹಾಕಿ ಮಲಗಬಹುದು ಅಂತಾನೆ ಗೆಳೆಯ. ಸರಿ ಅಲ್ವಾ?

ಹಳೇ ನಾವಿಕ (ಗೋಣಿಕೊಪ್ಪ):
4ಕ್ಕೆ ತಲುಪಿ ಏನು ಮಾಡ್ತೀರಿ? ಕಗ್ಗತ್ತಲು. ಜನವರಿಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದು 5 ಮುಕ್ಕಾಲರ ಹೊತ್ತಿಗೆ, ನೀರಡಿಯ ಹವಳ ಕಾಣಬೇಕಾದರೆ ಸೂರ್ಯ ಇನ್ನೂ ಮೇಲೆ ಬರಬೇಕು. ಕಡುನೀಲಿ ಅಂದರೆ ಆಳ, ತಿಳಿಹಸಿರು ಅಂದರೆ ಮರಳು, ಕಂದು ಕಂಡರೆ ತಿರುಗಿಸಿ. ತಲುಪುವುದು 8ಕ್ಕೆ ಅಂತ ಇಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕಿ. ಹಾಗಂತ ರಾತ್ರಿ 9ಕ್ಕೆ ಹೊರಡಬೇಡಿ, ಮಾಯಾಬಂದರಿನ ಸುತ್ತಲೂ ಹವಳವೇ. ಮಡಿಕೇರಿ ಲೆಕ್ಕವೂ ಬೇಡ, ಅಲ್ಲಿ 5 ಕಾಲರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. 4ಕ್ಕೇ ಹೊರಬಿದ್ದು, ಹಾಯಿ ಚಿಕ್ಕದು ಮಾಡಿ, 4 ನಾಟ್‌ನಲ್ಲಿ ನಿಧಾನ ಹೋಗಿ. ಉಳಿದ ಎರಡು ಗಂಟೆ ಹೊರಗಡಲಲ್ಲೇ ಕಾಯಿರಿ.

ಇನ್ನೊಂದು. ಈಗ ಬೀಸುವುದು ಈಶಾನ್ಯ ಗಾಳಿ. ಎಡಹಿಂದಿನಿಂದ ಬರುತ್ತದೆ, ಸುಖವಾಗಿರುತ್ತದೆ, ಆದರೆ ದೋಣಿಯನ್ನು ಸುಮ್ನೆ ದಡದ ಕಡೆಗೇ ತಳ್ಳುತ್ತಿರುತ್ತದೆ. 5 ಮೈಲಿ ದೂರ ಇರಿ.

ಮಂಜುದಾರಿ (ಕುಶಾಲನಗರ):
ನಾನು ಆ ತಪ್ಪು ಮಾಡಿದವನು. ಬೇರೆ ದ್ವೀಪ, ರಾತ್ರಿ 3 ಗಂಟೆ, ನಿದ್ದೆಗಣ್ಣು. 6 ಮೀಟರ್ ಆಳದಲ್ಲಿ 20 ಮೀಟರ್ ಸರಪಳಿ ಬಿಟ್ಟು ಮಲಗಿದೆ. ಎಚ್ಚರ ಆಗಿದ್ದು ಶಬ್ದಕ್ಕೆ: ತಲೆದಿಂಬಿನ ಕೆಳಗೇ ಯಾರೋ ಕಲ್ಲಿನ ಮೇಲೆ ಕತ್ತಿ ಮಸೆಯುತ್ತಿರುವ ಹಾಗೆ ಕರಕರ. ಭರತ ಏರಿ ಲಂಗರು ಜಾರುತ್ತಿತ್ತು. ಬೆಳಕಾದಾಗ ನೋಡಿದರೆ ಚುಕ್ಕಾಣಿಯಿಂದ ಎರಡು ಮಾರು ದೂರದಲ್ಲಿ ಹವಳ.

ಅಂಡಮಾನ್‌ನಲ್ಲಿ ಭರತ 2 ಮೀಟರ್ ತನಕ ಏರುತ್ತದೆ. ಇಳಿತದಲ್ಲಿ 8 ಮೀಟರ್ ಆಳ ಇದ್ದರೆ, ನೀರಿನಿಂದ ದೋಣಿಯ ಮೂತಿಯ ಎತ್ತರ 1, ಭರತ 2, ಒಟ್ಟು 11. ಅದರ ಐದು ಪಟ್ಟು, 55 ಮೀಟರ್ ಸರಪಳಿ ಬಿಡಿ. ಗಾಳಿ ಜಾಸ್ತಿ ಆದರೆ ಏಳು ಪಟ್ಟು.

ದೀಪವಿಲ್ಲದ ಮೀನು ದೋಣಿಗಳಿರುತ್ತವೆ. ಅನುಮಾನ ಬಂದರೆ ಟಾರ್ಚನ್ನು ನಿಮ್ಮದೇ ಹಾಯಿಗೆ ಬಿಡಿ, ದೊಡ್ಡ ಬಿಳಿ ಗೋಡೆ ಕಂಡ ಹಾಗಾಗುತ್ತದೆ ಅವರಿಗೆ.

ಕಾಫಿಗಿಡ:
ಗೆಳೆಯನಿಗೆ ಓದಿ ಹೇಳಿದೆ. ಹತ್ತಿರ ಬಂದೂ ಹೊರಗೆ ಕಾಯುವುದು ಅಂದ್ರೆ ಮುಖ ಸಿಂಡರಿಸಿದ. ಆ ಎರಡು ಗಂಟೆಗೆ ನಮ್ಮ ತೋಟದ ಪುಡಿ, ಫಿಲ್ಟರ್ ಎರಡೂ ತರ್ತೀನಿ ಅಂದೆ. 4ಕ್ಕೆ ಹೊರಡೋಣ ಅಂದಿದ್ದಾನೆ.